ಪಳಗಿಸಿದ ಕುದುರೆಗೆ ಬೇರೆ ದಾರಿ

ನಮ್ಮ ಮಿಜಾರಿನ ಹೆಸರು ಲೋಕದ ಕಿವಿಗೆ ಬಿದ್ದದ್ದು ವೇಗದ ಕಾರಣದಿಂದ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದ ಕರೆಯಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಉಸೇನ್ ಬೋಲ್ಟ್‌ನೊಂದಿಗೆ ಹೋಲಿಕೆ ನಡೆಯಿತು, ದೆಹಲಿಯಿಂದ ಕರೆ ಬಂತು, ವಿದೇಶದ ಪತ್ರಿಕೆಗಳೂ ಬರೆದವು. ನಾವು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ್ದೆವು. ಜಗತ್ತನ್ನು ಬೆರಗುಗೊಳಿಸಿದ ಆ ವೇಗ ಗಂಟೆಗೆ 38 ಕಿಲೋಮೀಟರಿಗೂ ಕಡಿಮೆ.

ಅದೇ ಮಿಜಾರಿನ ಹೆದ್ದಾರಿಯಲ್ಲಿ ಇಂದು ಇಪ್ಪತ್ತು ಇಪ್ಪತ್ತೆರಡರ ಹುಡುಗರು ಆ ದೂರವನ್ನು ಐದು ಸೆಕೆಂಡಿನಲ್ಲಿ ದಾಟುತ್ತಾರೆ. ಯಾರೂ ಬೆರಗಾಗುವುದಿಲ್ಲ. ಗಂಟೆಗೆ ನೂರು ಕಿಲೋಮೀಟರ್ ಎಂದರೆ ಅಷ್ಟೇ. ಮಂಗಳೂರಿನಿಂದ ಮೂಡುಬಿದಿರೆ, ಕಾರ್ಕಳದ ಕಡೆಗೆ ಹೋಗುವ 169ನೇ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲೇ ನಮ್ಮ ಊರಿದೆ. ಎರಡು ಎಂಜಿನಿಯರಿಂಗ್ ಕಾಲೇಜುಗಳಿವೆ. ಗಲ್ಫಿನ ದುಡಿಮೆ ಮನೆಮನೆಗೂ ಬಂದಿದೆ. ಇಂಥಲ್ಲಿ ಯುವಕನೊಬ್ಬನ ಮೊದಲ ಆಸೆ ಕಾರಾದರೆ ಆಶ್ಚರ್ಯವೇನಿಲ್ಲ.

ನಮ್ಮ ಮದ್ರಸದಲ್ಲಿ ಏಳನೆಯ ತರಗತಿಯವರೆಗೆ ಓದಿದ್ದ ಹುಡುಗನೊಬ್ಬನ ವಿಷಯವನ್ನೇ ಹೇಳುವುದಾದರೆ, ಅವನು ಎರಡು ವರ್ಷ ಸೌದಿಯಲ್ಲಿ ದುಡಿದು ಮರಳಿದವನು. ತಂಗಿಯ ಮದುವೆಗೆ ತನ್ನ ಪಾಲು ಕೊಟ್ಟ ಮೇಲೆ ಉಳಿದ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ಟಿಎಸ್‌ಐ ಕೊಂಡ. ಸಾಲವಿಲ್ಲ, ಬಡ್ಡಿಯಿಲ್ಲ, ಪೂರ್ತಿ ಹಣ ಕೊಟ್ಟೇ ತಂದ. ಬಲ್ಲವರು ಇದನ್ನು ಸ್ಪೋರ್ಟ್ಸ್ ಕಾರ್ ಎಂದು ಒಪ್ಪಲಾರರು. ಸ್ಪೋರ್ಟ್ಸ್ ಕಾರ್ ಎಂದರೆ ಎರಡೇ ಬಾಗಿಲು, ನೆಲಕ್ಕಂಟಿದ ಮೈ, ಕೋಟಿಯ ಬೆಲೆ. ಆದರೆ ನಮ್ಮ ಕಡೆಯ ಹುಡುಗರಿಗೆ ಇದೇ ಸ್ಪೋರ್ಟ್ಸ್ ಕಾರ್. ಸಣ್ಣ 1.2 ಲೀಟರಿನ ಎಂಜಿನ್, ಅದಕ್ಕೊಂದು ಟರ್ಬೊ, 105 ಕುದುರೆಗಳ ಬಲ. 2022ರಲ್ಲಿ ಕಂಪೆನಿ ಈ ದೇಶದಲ್ಲಿ ಪೋಲೋ ತಯಾರಿಕೆಯನ್ನೇ ನಿಲ್ಲಿಸಿದ ಮೇಲೆ ಅದರ ಮೇಲಿನ ಮೋಹ ಇನ್ನಷ್ಟು ಹೆಚ್ಚಿತು.

ಕಾರು ಬಂದ ದಿನ ಅವನು ಬಂದು ದುಆ ಮಾಡಿಸಿಕೊಂಡ. ವಾಹನವೇರುವಾಗಿನ ದುಆ ಬಾಯಿಗೆ ಬರುತ್ತದೆಯೇ ಎಂದು ಕೇಳಿದೆವು. ತಡವರಿಸದೆ ಹೇಳಿದ. ಸೂರಾ ಝುಖ್‌ರುಫ್‌ನಿಂದ ಬಂದ ಆ ದುಆದ ಅರ್ಥ ಗಂಭೀರವಾದದ್ದು. ಇದನ್ನು ನಮಗೆ ವಶಪಡಿಸಿಕೊಟ್ಟವನು ಅಲ್ಲಾಹನು, ನಮ್ಮಿಂದ ಅದು ಆಗುವಂಥದ್ದಾಗಿರಲಿಲ್ಲ, ನಾವು ಅವನ ಕಡೆಗೇ ಮರಳುವವರು ಎಂಬ ಭಾವ ಅದರಲ್ಲಿದೆ. ಸವಾರಿ ಆರಂಭಿಸುವ ಮೊದಲೇ ಸಾವನ್ನು ನೆನಪಿಸುವ ದುಆ ಅದು. ಮಕ್ಕಳಿಗೆ ಕಂಠಪಾಠ ಮಾಡಿಸುವಾಗ ಈ ಕೊನೆಯ ಭಾಗದ ಅರ್ಥವನ್ನೂ ಬಿಡಿಸಿ ಹೇಳಬೇಕು.

ಮೂರು ತಿಂಗಳಲ್ಲಿ ಕಾರು ಬದಲಾಯಿತು. ಏನೇನು ಮಾಡಿಸಿದೆ ಎಂದು ಕೇಳಿದಾಗ ಅವನು ಉತ್ಸಾಹದಿಂದ ವಿವರಿಸಿದ. ಈ ವಿದ್ಯೆಯಲ್ಲಿ ಅವನು ಗುರು, ನಾವು ಶಿಷ್ಯರು. ಎಂಜಿನ್ನಿಗೆ ಎಷ್ಟು ಪೆಟ್ರೋಲು, ಯಾವ ಕ್ಷಣದಲ್ಲಿ ಕಿಡಿ, ಟರ್ಬೊದಿಂದ ಎಷ್ಟು ಗಾಳಿಯ ಒತ್ತಡ ಎಂಬುದನ್ನು ತೀರ್ಮಾನಿಸುವುದು ಒಂದು ಸಣ್ಣ ಕಂಪ್ಯೂಟರ್. ಅದರ ಲೆಕ್ಕವನ್ನೇ ತಿದ್ದಿ ಬರೆಯುತ್ತಾರೆ. ಅದಕ್ಕೆ ‘ಸ್ಟೇಜ್ ಒನ್’ ಎನ್ನುತ್ತಾರಂತೆ. ಬಳಿಕ ಸೈಲೆನ್ಸರ್ ತೆಗೆದು ದಪ್ಪ ಕೊಳವೆ, ಹೊಗೆಯ ವಿಷವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಪೈಪು, ಕಾರನ್ನು ತಗ್ಗಿಸುವ ಗಿಡ್ಡ ಸ್ಪ್ರಿಂಗು, ಅಗಲದ ಅಲಾಯ್ ವೀಲು, ಗಾಜಿಗೆ ಕಪ್ಪು ಫಿಲ್ಮು. ಬ್ರೇಕ್ ಬದಲಿಸಿದೆಯಾ ಎಂದು ಕೇಳಿದೆವು. “ಅದು ಕಂಪೆನಿಯದ್ದೇ ಸಾಕು ಉಸ್ತಾದ್” ಎಂದ. ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ನಾಲ್ಮಡಿಯಾಗುತ್ತದೆ ಎಂಬುದು ಹೈಸ್ಕೂಲಿನ ವಿಜ್ಞಾನ. ಓಡುವುದಕ್ಕೆ ಲಕ್ಷ, ನಿಲ್ಲುವುದಕ್ಕೆ ಸೊನ್ನೆ. ಈ ಲಕ್ಷ ಕೈಯಲ್ಲಿದ್ದ ಹಣವೂ ಅಲ್ಲ, ಕ್ರೆಡಿಟ್ ಕಾರ್ಡಿನ ಕಂತಿನದು. “ಕಾರು ಹಲಾಲ್ ದುಡಿಮೆಯದು, ಅದರ ಸದ್ದು ಬಡ್ಡಿಯದ್ದಾಯಿತಲ್ಲ ಮೋನೇ” ಎಂದಾಗ ಅವನ ಮುಖ ಸಣ್ಣದಾಯಿತು.

ಆ ಸದ್ದಿನ ದೂರು ತಂದವರು ನಮ್ಮವರಲ್ಲ, ನಿವೃತ್ತರಾದ ಮಾಸ್ತರರೊಬ್ಬರು. ಅವರ ಮನೆ ತಿರುವಿನಲ್ಲಿದೆ. ರಾತ್ರಿ ಹನ್ನೊಂದಕ್ಕೆ ಕಾರು ಗೇರು ಇಳಿಸುವಾಗ ಪಟಾಕಿಯಂತೆ ಸಿಡಿಯುವ ಶಬ್ದಕ್ಕೆ ಹೃದಯದ ಚಿಕಿತ್ಸೆಯಾದ ಅವರ ಹೆಂಡತಿ ಬೆಚ್ಚಿ ಎದ್ದು ಕೂರುತ್ತಾರೆ. “ಉಸ್ತಾದರೇ, ಪೊಲೀಸರಿಗೆ ಹೇಳುವುದು ನನಗೆ ಕಷ್ಟವಲ್ಲ. ಆದರೆ ಒಮ್ಮೆ ಹೇಳಿದರೆ ಅದು ಕಾರಿನ ವಿಷಯವಾಗಿ ಉಳಿಯುವುದಿಲ್ಲ” ಎಂದರು. ನಮ್ಮ ಜಿಲ್ಲೆಯಲ್ಲಿ ಬಾಳಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಹುಡುಗನ ಎಕ್ಸಾಸ್ಟ್ ಪೈಪು ಮಾರನೆಯ ದಿನ ಒಂದು ಸಮುದಾಯದ ಸೊಕ್ಕಾಗಿ ಮೊಬೈಲುಗಳಲ್ಲಿ ಹರಿದಾಡಬಹುದು. ಮಾಸ್ತರರು ಠಾಣೆಯ ಮೆಟ್ಟಿಲು ಹತ್ತುವ ಬದಲು ಮದ್ರಸದ ಮೆಟ್ಟಿಲು ಹತ್ತಿದರು. ನೆರೆಯವನ ಹಕ್ಕಿನ ಬಗ್ಗೆ ಜಿಬ್ರೀಲ್(ಅ) ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ ನೆರೆಯವನನ್ನು ವಾರಸುದಾರನನ್ನಾಗಿಯೇ ಮಾಡಿಬಿಡುವರೇನೋ ಎಂದು ಪ್ರವಾದಿಯವರಿಗೆ(ಸ) ಅನಿಸಿತ್ತು ಎಂಬ ಹದೀಸನ್ನು ನಾವು ಪ್ರತಿ ವರ್ಷ ಪಾಠ ಮಾಡುತ್ತೇವೆ. ಆ ಹದೀಸನ್ನು ಅಂದು ಮಾಸ್ತರರೇ ನಡೆಸಿ ತೋರಿಸಿದರು.

ಹುಡುಗನನ್ನು ಕರೆಸಿದೆವು. ಅವನು ನಿಂತುಕೊಂಡೇ ಹೇಳಿದ: “ಹರಾಮ್ ಅಂತ ಒಂದು ಮಾತು ಹೇಳಿಬಿಡಿ ಉಸ್ತಾದ್, ನಾಳೆಯೇ ಮಾರಿಬಿಡುತ್ತೇನೆ.”

ನಾವು ಹೇಳಲಿಲ್ಲ. ಹೇಳುವುದು ಸುಲಭವಿತ್ತು, ಅವನ ತಂದೆಯವರೂ ಅದನ್ನೇ ಬಯಸಿದ್ದರು. ಆದರೆ ಸವಾರಿಯ ಅಂದವನ್ನು, ಓಟದ ಸಂತೋಷವನ್ನು ದೀನ್ ಹರಾಮ್ ಎಂದಿಲ್ಲ. ಸೂರಾ ನಹ್ಲ್ ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಹೆಸರಿಸಿ ಅವು ಏರುವುದಕ್ಕೂ ಅಲಂಕಾರಕ್ಕೂ ಇವೆ ಎನ್ನುತ್ತದೆ, ನಿಮಗೆ ತಿಳಿಯದ್ದನ್ನೂ ಅವನು ಸೃಷ್ಟಿಸುತ್ತಾನೆ ಎಂದೂ ಸೇರಿಸುತ್ತದೆ. ನಮ್ಮ ಕಾಲದ ವಾಹನಗಳನ್ನು ಈ ಕೊನೆಯ ಮಾತಿನೊಳಗೆ ಕಂಡ ವಿದ್ವಾಂಸರಿದ್ದಾರೆ. ನಮ್ಮ ಕರಾವಳಿಗಂತೂ ಒಳ್ಳೆಯ ಸವಾರಿಯ ಬೆಲೆ ಹಳೆಯ ಪರಿಚಯ. ವಿಜಯನಗರದ ಕಾಲದಲ್ಲಿ ಅರಬಿ ಕುದುರೆಗಳು ಭಟ್ಕಳದ ಬಂದರಿನಲ್ಲಿ ಇಳಿದೇ ಘಟ್ಟ ಹತ್ತುತ್ತಿದ್ದವು.

ಅವನಿಗೆ ಹೇಳಿದ್ದು ಮದೀನಾದ ಕುದುರೆ ಓಟದ ವಿಷಯ. ಇಬ್ನು ಉಮರ್(ರ) ವರದಿ ಮಾಡಿದ ಈ ಹದೀಸ್ ಬುಖಾರಿಯಲ್ಲಿದೆ. ಸ್ವತಃ ಅವರೇ ಆ ಓಟದಲ್ಲಿ ಸವಾರರಾಗಿದ್ದರು. ಆಗ ಕುದುರೆಯನ್ನು ಪಳಗಿಸುವ ಒಂದು ಕ್ರಮವಿತ್ತು, ಅರಬಿಯಲ್ಲಿ ಇದ್‌ಮಾರ್ ಎನ್ನುತ್ತಾರೆ. ಮೊದಲು ಚೆನ್ನಾಗಿ ಮೇಯಿಸಿ ಕೊಬ್ಬಿಸುವುದು, ಆಮೇಲೆ ಮೇವು ಕಡಿಮೆ ಮಾಡಿ, ಮುಚ್ಚಿದ ಜಾಗದಲ್ಲಿ ಹೊದಿಕೆ ಹೊದಿಸಿ ಬೆವರಿಸುವುದು. ಕೊಬ್ಬು ಕರಗಿ, ಮೈ ಬಿಗಿದು, ಉಸಿರು ಗಟ್ಟಿಯಾಗಿ ಕುದುರೆಯ ವೇಗ ಹೆಚ್ಚುತ್ತಿತ್ತು. ಹುಡುಗ ನಕ್ಕ. “ಸ್ಟೇಜ್ ಒನ್!” ಎಂದ. ಹೌದು, ಅದೇ. ಪ್ರವಾದಿಯವರು(ಸ) ಆ ಪಳಗಿಸುವಿಕೆಯನ್ನು ತಡೆಯಲಿಲ್ಲ. ಬದಲಿಗೆ ಪಳಗಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾದವರೆಗೆ ಐದಾರು ಮೈಲಿಯ ದಾರಿಯನ್ನು ಗೊತ್ತುಮಾಡಿದರು. ಪಳಗಿಸದವುಗಳಿಗೆ ಸನಿಯ್ಯದಿಂದ ಬನೂ ಝುರೈಕ್ ಮಸೀದಿಯವರೆಗೆ ಒಂದೇ ಮೈಲಿ. ಎರಡನ್ನೂ ಬೆರೆಸಲಿಲ್ಲ. ಆರಂಭದ ಗೆರೆ ಎಲ್ಲಿ, ಮುಕ್ತಾಯ ಎಲ್ಲಿ ಎಂಬುದು ಎಲ್ಲರಿಗೂ ಗೊತ್ತಿತ್ತು. ನಮ್ಮ ಕಂಬಳದಲ್ಲಿಯೂ ಗಂತು ಬೇರೆ, ಮಂಜೊಟ್ಟಿ ಬೇರೆ. ಕೋಣಗಳನ್ನು ಯಾರೂ ಪೇಟೆಯ ನಡುವೆ ಓಡಿಸುವುದಿಲ್ಲ.

ಬಲ ಹೆಚ್ಚಿಸಿದ ಯಂತ್ರಕ್ಕೆ ಬೇರೆ ದಾರಿ ಬೇಕು. ತೋಡಾರಿನಿಂದ ಮಿಜಾರಿನ ನಡುವೆ ಶಾಲೆ ಬಿಟ್ಟ ಮಕ್ಕಳು, ಹಾಲಿನ ಕ್ಯಾನು ಕಟ್ಟಿದ ಸ್ಕೂಟರು, ಮಗ್ಗುಲಿಗೆ ಸರಿಯದೆ ನಿಂತ ದನ ಇರುವ ದಾರಿ ಅದಲ್ಲ.

ನೆರೆಯ ಕಾಸರಗೋಡಿನ ಮೂಸಾ ಶರೀಫರ ಹೆಸರು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ರ‍್ಯಾಲಿ ಕಾರಿನಲ್ಲಿ ಚಾಲಕನ ಪಕ್ಕ ಕುಳಿತು ಮುಂದಿನ ತಿರುವು ಎಷ್ಟು ದೂರ, ಎಷ್ಟು ಕಡಿದು ಎಂದು ಟಿಪ್ಪಣಿ ಓದಿ ಹೇಳುವ ನ್ಯಾವಿಗೇಟರ್ ಅವರು. ಗೌರವ್ ಗಿಲ್ ಜೊತೆ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆದವರು. ಆ ಕಾರುಗಳಿಗೆ ಒಳಗೆ ಉಕ್ಕಿನ ಪಂಜರ, ಸವಾರರಿಗೆ ಹೆಲ್ಮೆಟ್, ಬೆಂಕಿ ತಾಳುವ ಉಡುಪು, ಓಟಕ್ಕೆ ಮುನ್ನ ವಾಹನದ ತಪಾಸಣೆ, ಸಾರ್ವಜನಿಕರಿಗೆ ಮುಚ್ಚಿದ ರಸ್ತೆ. ಇಷ್ಟೆಲ್ಲ ಇದ್ದೂ 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ರ‍್ಯಾಲಿಯೊಂದರಲ್ಲಿ ಓಟದ ದಾರಿಗೆ ಬಂದ ಬೈಕಿಗೆ ಕಾರು ಬಡಿದು ಒಂದೇ ಕುಟುಂಬದ ಮೂವರು ಸತ್ತರು. ಮುಚ್ಚಿದ ರಸ್ತೆಯಲ್ಲೇ ಹೀಗಾದರೆ ತೆರೆದ ರಸ್ತೆಯಲ್ಲಿ ಏನಾಗಬಹುದು ಎಂದು ಕೇಳಿದಾಗ ಹುಡುಗ ಮಾತಾಡಲಿಲ್ಲ.

ಕಾನೂನಿನ ವಿಷಯ ಬೇಗ ಮುಗಿಯುವಂಥದ್ದು. ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಆರ್‌ಸಿ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಗಾಜಿನ ಕಪ್ಪು ಫಿಲ್ಮನ್ನು 2012ರಲ್ಲೇ ಸುಪ್ರೀಂ ಕೋರ್ಟು ನಿಷೇಧಿಸಿದೆ. ಮಾರ್ಪಾಡನ್ನು ತಿಳಿಸದೆ ಇದ್ದರೆ ವಿಮೆಯ ಕಂಪೆನಿಗೆ ಪರಿಹಾರ ನಿರಾಕರಿಸಲು ದಾರಿಯಾಗುತ್ತದೆ. ಪೊಲೀಸರ ಕಣ್ಣು ತಪ್ಪಿಸಿದರೆ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಲೈಸೆನ್ಸು ಒಂದು ಕರಾರು, ಕರಾರುಗಳನ್ನು ಪೂರೈಸಿ ಎಂಬ ಆಜ್ಞೆಯಿಂದಲೇ ಸೂರಾ ಮಾಇದ ಆರಂಭವಾಗುತ್ತದೆ.

ಹುಡುಗನಿಗೆ ಗೊತ್ತಿಲ್ಲದಿದ್ದದ್ದು ಇನ್ನೊಂದಿತ್ತು. ನಮ್ಮ ಮನೆಗಳಲ್ಲಿ ಅನೇಕರಿಗೆ ಅದು ಗೊತ್ತಿಲ್ಲ. ತಿಳಿಯದೆ ಒಬ್ಬನ ಪ್ರಾಣ ತೆಗೆದವನ ಬಗ್ಗೆ ಸೂರಾ ನಿಸಾ ವಿಧಿಸಿರುವ ಕಫ್ಫಾರ. ಸತ್ತವನ ಮನೆಯವರಿಗೆ ರಕ್ತ ಪರಿಹಾರ ಬೇರೆ, ಅಲ್ಲಾಹನಿಗೆ ಸಲ್ಲಬೇಕಾದ ಪ್ರಾಯಶ್ಚಿತ್ತ ಬೇರೆ. ಗುಲಾಮನನ್ನು ಬಿಡುಗಡೆ ಮಾಡಬೇಕು, ಅದು ಸಾಧ್ಯವಿಲ್ಲದವನು ಎರಡು ತಿಂಗಳು ಒಂದು ದಿನವೂ ತಪ್ಪದೆ ಉಪವಾಸ ಹಿಡಿಯಬೇಕು. ಇಂದು ಗುಲಾಮರಿಲ್ಲ, ಉಳಿದಿರುವುದು ಉಪವಾಸ. ಸತ್ತವನು ನಮ್ಮೊಂದಿಗೆ ಒಪ್ಪಂದದಲ್ಲಿ ಬಾಳುವ ಬೇರೆ ಜನರವನಾದರೂ ಅದೇ ವಿಧಿ ಎಂದು ಆ ಆಯತ್ತು ಬಿಡಿಸಿಯೇ ಹೇಳುತ್ತದೆ. ವಿಮೆಯವರು ನ್ಯಾಯಾಲಯದಲ್ಲಿ ಹಣ ಕಟ್ಟಿದ ಮಾತ್ರಕ್ಕೆ ಈ ಉಪವಾಸ ತೀರುವುದಿಲ್ಲ. ಶಾಫಿಈ ಮದ್ಸಬಿನ ಕಿತಾಬುಗಳಲ್ಲಿ ನಾವು ಇದನ್ನು ಓದಿದವರು, ಆದರೆ ಸ್ಟಿಯರಿಂಗ್ ಹಿಡಿಯುವ ಹುಡುಗರಿಗೆ ಯಾವ ವೇದಿಕೆಯಲ್ಲೂ ಹೇಳುತ್ತಿಲ್ಲ. ವುಳೂವಿನ ಫರ್ಳ್‌ಗಳನ್ನು ಕಲಿಸುವಂತೆಯೇ ಲೈಸೆನ್ಸಿನ ವಯಸ್ಸಿಗೆ ಬಂದವರಿಗೆ ರಸ್ತೆಯ ಫಿಕ್‌ಹ್ ಕಲಿಸುವ ಒಂದು ತರಗತಿ ಪ್ರತಿ ಜಮಾಅತ್‌ನಲ್ಲೂ ಇರಬೇಕೆಂಬುದು ನಮ್ಮ ಅಭಿಪ್ರಾಯ. ಅರಫಾದಿಂದ ಹಿಂದಿರುಗುವಾಗ ಒಂಟೆಗಳನ್ನು ಹೊಡೆದೋಡಿಸುವ ಗದ್ದಲ ಕೇಳಿ ಪ್ರವಾದಿಯವರು(ಸ) ಶಾಂತರಾಗಿರಲು ಸನ್ನೆ ಮಾಡಿ, ಪುಣ್ಯ ಇರುವುದು ಅವಸರದಲ್ಲಲ್ಲ ಎಂದು ತಿಳಿಸಿದ್ದನ್ನು ಆ ತರಗತಿಯ ಮೊದಲ ಪಾಠವಾಗಿಸಬಹುದು.

ಹಿರಿಯರಿಗೂ ಒಂದು ಮಾತು ಹೇಳಲಿಕ್ಕಿದೆ. ಮದುವೆಯ ದಿಬ್ಬಣದಲ್ಲಿ ಹತ್ತು ಕಾರುಗಳು ಸೈಲೆನ್ಸರ್ ಸಿಡಿಸುತ್ತ ಬಂದಾಗ ಹಾಲಿನ ಬಾಗಿಲಲ್ಲಿ ನಗುತ್ತ ನಿಲ್ಲುವವರು ನಾವೇ. ಮೂವತ್ತು ನಲವತ್ತು ಲಕ್ಷದ ಎತ್ತರದ ಗಾಡಿಯಲ್ಲಿ ಜುಮಾಕ್ಕೆ ಬಂದು ದಾರಿಗಡ್ಡ ನಿಲ್ಲಿಸುವವರಿಗೆ ಜಾಗ ಬಿಟ್ಟುಕೊಡುವವರೂ ನಾವೇ. ಕುದುರೆ ಮೂರು ಬಗೆಯ ಜನರಿಗೆ ಮೂರು ಬಗೆ ಎಂಬ ಹದೀಸಿದೆ: ಒಬ್ಬನಿಗೆ ಪ್ರತಿಫಲ, ಒಬ್ಬನಿಗೆ ಮಾನ ಕಾಯುವ ಆಸರೆ, ಮೆರೆಯಲಿಕ್ಕಾಗಿ ಕಟ್ಟಿದವನಿಗೆ ಹೊರೆ. ಅಲ್ಲಿ ಕುದುರೆಯ ಬೆಲೆಯನ್ನಾಗಲಿ ಸವಾರನ ವಯಸ್ಸನ್ನಾಗಲಿ ಹೇಳಿಲ್ಲ. ಹುಡುಗನ ಹಳೆಯ ಪೋಲೋ ಮಾತ್ರ ನಮ್ಮ ಕಣ್ಣಿಗೆ ಬೀಳುವುದು ಸರಿಯಲ್ಲ.

ಅವನು ಕಾರು ಮಾರಲಿಲ್ಲ. ಮುಂದಿನ ವಾರ ಮಾಸ್ತರರ ಮನೆಗೆ ಹೋಗಿ ಬಂದನಂತೆ. ಏನು ಮಾತಾಯಿತೆಂದು ಇಬ್ಬರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಗ್ಯಾರೇಜಿನಲ್ಲಿ ಮೂಲೆಗೆ ಎಸೆದಿದ್ದ ಕಂಪೆನಿಯ ಸೈಲೆನ್ಸರನ್ನು ಹುಡುಕಿಸಿ ಮತ್ತೆ ಹಾಕಿಸಿದ, ಫಿಲ್ಮು ಕೀಳಿಸಿದ. ಕಾರ್ಡಿನ ಸಾಲ ತೀರಿಸಲು ಅಲಾಯ್ ವೀಲುಗಳನ್ನು ಮಾರಿದ. ಎಂಜಿನ್ನಿನ ತಿದ್ದಿದ ಲೆಕ್ಕ ಮಾತ್ರ ಇನ್ನೂ ಹಾಗೆಯೇ ಇದೆ. ಅದನ್ನು ಹಿಂದಿನಂತೆ ಮಾಡಿಸು ಎಂದು ಹೇಳಿದ್ದೇವೆ. ಕೊಯಮತ್ತೂರಿನಲ್ಲಿ ಕಾರಿ ಸ್ಪೀಡ್‌ವೇ ಎಂಬ ಓಟದ ಅಂಗಳವಿದೆ, ಅಲ್ಲಿ ಒಮ್ಮೆ ಓಡಿಸಿ ನೋಡಿದ ಮೇಲೆ ಮಾಡಿಸುತ್ತೇನೆ, ಉಮ್ಮನ ಒಪ್ಪಿಗೆ ಕೊಡಿಸಿ ಎಂದು ನಮ್ಮನ್ನೇ ಹಿಡಿದುಕೊಂಡಿದ್ದಾನೆ. ಉಮ್ಮ ಒಪ್ಪಿಲ್ಲ. ಶುಕ್ರವಾರ ಜುಮಾ ಮುಗಿದ ಮೇಲೆ ಅವರ ಮನೆಗೆ ಬರುತ್ತೇವೆಂದು ಹೇಳಿ ಕಳುಹಿಸಿದ್ದೇವೆ.