ದೋಣಿಯಲ್ಲೊಂದು ಬಾವಿ

ದೋಣಿಯೆಂಬುದು ನೀರನ್ನು ಹೊರಗಿರಿಸಿ ನೀರಿನ ಮೇಲೆಯೇ ಬಾಳುವ ವಸ್ತು. ಅದರ ಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಮೀನುಗಾರನ ಮನೆಯಲ್ಲಿ ಅಂದು ಯಾರಿಗೂ ಅನ್ನ ರುಚಿಸದು. ಹೀಗಿರುವಾಗ, ಗಟ್ಟಿಮುಟ್ಟಾದ ದೋಣಿಗೆ ತಾನಾಗಿಯೇ ತೂತು ಕೊರೆಯಲು ಹೊರಟ ಮಗನನ್ನು ಕಂಡು ಗಂಗೊಳ್ಳಿಯ ಆ ಮುದುಕನಿಗೆ ಮೈಯುರಿದುದರಲ್ಲಿ ಆಶ್ಚರ್ಯವೇನು?

ಮಗ ಹತ್ತು ವರ್ಷ ಮುಂಬಯಿಯ ಹೋಟೆಲೊಂದರಲ್ಲಿ ದುಡಿದು ಊರಿಗೆ ಮರಳಿದವನು. ಸತ್ತ ಮೀನಿಗೂ ಮಿಡುಕುವ ಮೀನಿಗೂ ಬೆಲೆಯಲ್ಲಿರುವ ಅಂತರವನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕಂಡವನು. ದೋಣಿಯ ಯಂತ್ರಕ್ಕಾಗಿ ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ದೋಣಿಯ ಹಿಂಭಾಗದಲ್ಲಿ ತೊಟ್ಟಿಯೊಂದನ್ನು ಕೂರಿಸಿ, ಕಡಲ ನೀರು ಅದರೊಳಗೆ ಹರಿದು ಹೊರಬೀಳುವಂತೆ ಮಾಡಿದರೆ, ಗಾಳಕ್ಕೆ ಬಿದ್ದ ಮೀನನ್ನು ಜೀವಸಹಿತ ದಡಕ್ಕೆ ತರಬಹುದೆಂಬುದು ಅವನ ಲೆಕ್ಕ. ಅದಕ್ಕೆ ಬೇಕಾದುದು ಒಂದು ಸಣ್ಣ ಪಂಪು, ಒಂದು ಬ್ಯಾಟರಿ ಮತ್ತು ನೀರಿನ ಮಟ್ಟಕ್ಕಿಂತ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ತೂತು.

"ನೀರ್ ಹೊರಗೆ ಹಾಕೂದ್ರಲ್ಲೇ ನಮ್ಮ ಆಯುಷ್ಯ ಮುಗೀತ್ ಮಗಾ. ನೀ ಅದನ್ನ ಒಳಗ್ ಕರೀತ್ಯಾ?" ಎಂದ ಮುದುಕ.

ಆ ಮಾತಿನ ಹಿಂದೆ ಒಂದು ರಾತ್ರಿಯ ನೆನಪಿತ್ತು. ಹರೆಯದಲ್ಲಿ ಅವನೂ ಅವನ ಅಣ್ಣನೂ ಹೋಗಿದ್ದ ಮರದ ದೋಣಿಯ ಹಲಗೆ ಸಡಿಲಿ, ಇಬ್ಬರೂ ಬೆಳಗಿನ ತನಕ ನೀರು ಮೊಗೆದು ಮೊಗೆದು ದಡ ಸೇರಿದ್ದರು. ಅವನ ಭಯ ಅಕಾರಣವಾದುದಲ್ಲ. ನೀರಿನಿಂದ ಒಂದಡಿ ಕೆಳಗಿರುವ ಅಷ್ಟು ಸಣ್ಣ ತೂತಿನಿಂದಲೂ ನಿಮಿಷಕ್ಕೆ ಸುಮಾರು 40 ಲೀಟರು ನೀರು ಒಳನುಗ್ಗಬಲ್ಲುದು. ಮಗನಿಗೂ ಅದು ತಿಳಿದಿತ್ತು. ಆದುದರಿಂದಲೇ ತೂತಿನ ಬಾಯಿಗೆ ತಿರುಗಿಸಿ ಮುಚ್ಚುವ ಗಟ್ಟಿ ಕವಾಟವೊಂದನ್ನು ತಂದಿದ್ದ.

"ನೀರು ಬದಲಾಗದೆ ಮೀನು ಉಳಿಯುದಿಲ್ಲ ಅಪ್ಪಯ್ಯ" ಎಂದ. ಅದೂ ನಿಜವೇ. ನಮ್ಮ ಕರಾವಳಿಯ ಸೆಕೆಯಲ್ಲಿ ಒಂದು ಲೀಟರು ಕಡಲ ನೀರು ಹಿಡಿದಿಟ್ಟುಕೊಳ್ಳುವ ಪ್ರಾಣವಾಯು ಸುಮಾರು 6 ಮಿಲಿಗ್ರಾಂ ಮಾತ್ರ. ನಿಂತ ನೀರಿನಲ್ಲಿ ಹತ್ತಾರು ಮೀನು ಸೇರಿದರೆ ಅದು ಬೇಗನೆ ತೀರುತ್ತದೆ.

ಮುದುಕ ಮತ್ತೆ ಮಾತಾಡಲಿಲ್ಲ. ತೂತು ಕೊರೆದ ದಿನ ಅವನು ಹೊಳೆಯ ಕಡೆಗೇ ಬರಲಿಲ್ಲ.

ಮೊದಲು ಕೂರಿಸಿದ ತೊಟ್ಟಿ 250 ಲೀಟರಿನದು. ತುಂಬಿದಾಗ ನಾಲ್ಕು ಮಂದಿ ಆಳುಗಳು ಹಿಂಬದಿಯಲ್ಲಿ ಒತ್ತಾಗಿ ಕುಳಿತಷ್ಟು ಭಾರ. ಯಂತ್ರದ ಭಾರವೂ ಅಲ್ಲಿಯೇ. ದೋಣಿ ಮೂತಿಯನ್ನು ಮೇಲೆತ್ತಿತು. ಬೆನ್ನ ಹಿಂದಿನಿಂದ ಬಂದ ಅಲೆಯೊಂದು ಒಳಗೇ ಇಳಿಯಿತು. ತೊಟ್ಟಿ ಅರೆತುಂಬಿದ್ದಾಗಲಂತೂ ನೀರು ಒಂದು ಪಕ್ಕಕ್ಕೆ ಓಡಿ, ವಾಲಿದ ದೋಣಿಯನ್ನು ಇನ್ನಷ್ಟು ವಾಲಿಸುತ್ತಿತ್ತು. ಮಗ ಹಟ ಮಾಡಲಿಲ್ಲ. 100 ಲೀಟರಿನ ತೊಟ್ಟಿಯನ್ನು ತಂದು ತುಸು ಮುಂದಕ್ಕೆ ಸರಿಸಿ ಕೂರಿಸಿದ. ಮೀನಿನ ಮೂತಿ ಬಡಿಯದಂತೆ ಅದರ ಮೂಲೆಗಳು ಗುಂಡಗಿದ್ದುವು. ನೀರು ಸದಾ ಕಂಠದವರೆಗೆ ನಿಲ್ಲುವಂತೆ ಹೊರಹೋಗುವ ಕೊಳವೆಯನ್ನು ಮೇಲ್ಗಡೆ ಇರಿಸಿದ.

ನವರಾತ್ರಿ ಕಳೆದ ಒಂದು ಬೆಳಗ್ಗೆ ಅಳಿವೆಯಾಚೆ ಮೀನು ಚೆನ್ನಾಗಿಯೇ ಸಿಕ್ಕಿತು. ತೊಟ್ಟಿಯಲ್ಲಿ ಎಲ್ಲವೂ ಚುರುಕಾಗಿ ಈಜುತ್ತಿದ್ದುವು. ಆದರೆ ಅಳಿವೆ ದಾಟಿ ಮನೆಯ ಕಟ್ಟೆಗೆ ಬರುವುದರೊಳಗೆ ಒಂದೊಂದೇ ಹೊಟ್ಟೆ ಮೇಲಾಗಿ ತೇಲತೊಡಗಿದವು. ಪಂಪು ಓಡುತ್ತಲೇ ಇತ್ತು. ಮಗ ತಲೆಯ ಮೇಲೆ ಕೈಹೊತ್ತು ಕುಳಿತ.

ಆಗ ಕಟ್ಟೆಗೆ ಬಂದವನು ಮುದುಕ. ತೊಟ್ಟಿಯ ನೀರನ್ನು ಬೆರಳಿನಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸಿದ. "ಇದ್ ಕಡಲ ನೀರಲ್ಲ ಮಗಾ. ಹೊಳಿ ನೀರ್" ಎಂದ.

ಸೌಪರ್ಣಿಕೆ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕೂಡುವ ಆ ಅಳಿವೆಯಲ್ಲಿ, ಮಳೆಗಾಲದ ಬೆನ್ನಿಗೆ, ಹಗುರವಾದ ಸಿಹಿನೀರು ಮೇಲೆ ಹರಿಯುತ್ತದೆ. ಭಾರವಾದ ಉಪ್ಪುನೀರು ಅಡಿಯಲ್ಲಿ ಉಳಿಯುತ್ತದೆ. ಪಂಪು ಹೀರಿದ್ದು ಮೇಲಿನ ನೀರನ್ನು. ಕಡಲ ಮೀನಿಗೆ ಅದೇ ವಿಷವಾಗಿತ್ತು.

ಈ ಪಾಠವನ್ನು ಬೇರೆಯವರೂ ಹಿಂದೆಯೇ ಕಲಿತಿದ್ದರು. ಇಂಗ್ಲೆಂಡಿನ ಹಾರ್ವಿಚ್ ಬಂದರಿನಲ್ಲಿ 1712ರಲ್ಲಿ, ಒಡಲ ನಡುವೆ ತೂತುಗಳುಳ್ಳ ಬಾವಿಯನ್ನಿರಿಸಿದ ಮೀನುಹಡಗುಗಳು ಬಂದುವು. ಕಾಡ್ ಮೀನನ್ನು ಜೀವಂತವಾಗಿ ಲಂಡನ್ನಿನ ಪೇಟೆಗೆ ತರುವುದು ಅವುಗಳ ಕೆಲಸ. ಆದರೆ ಥೇಮ್ಸ್ ನದಿಯಲ್ಲಿ ಅವು ಗ್ರೇವ್ಸೆಂಡಿನಿಂದ ಮುಂದಕ್ಕೆ ಬರುವಂತಿರಲಿಲ್ಲ. ಅಲ್ಲಿಂದ ಮೇಲಕ್ಕೆ ನದಿಯ ಸಿಹಿನೀರು ಬಾವಿಯೊಳಗೆ ಹೊಕ್ಕು ಮೀನನ್ನು ಕೊಲ್ಲುತ್ತಿತ್ತು. ಮುದುಕ ಹಾರ್ವಿಚ್ಚಿನ ಹೆಸರನ್ನು ಕೇಳಿದವನಲ್ಲ. ಅವನಿಗೆ ಅದನ್ನು ಕಲಿಸಿದ್ದು ಅಳಿವೆಯೇ.

ಮರುದಿನ ಅವನೂ ದೋಣಿ ಹತ್ತಿದ. ಹಿಂದಿರುಗುವಾಗ, ನೀರಿನ ಬಣ್ಣ ಇನ್ನೂ ಬದಲಾಗದಿದ್ದ ಒಂದೆಡೆ, "ಇಲ್ಲಿ ಮುಚ್ಚ್" ಎಂದ. ಮಗ ಕವಾಟ ತಿರುಗಿಸಿದ. ಅಲ್ಲಿಂದ ಕಟ್ಟೆಯ ತನಕ ತೊಟ್ಟಿಯಲ್ಲಿದ್ದುದು ಆಚೆಯ ಕಡಲ ನೀರೇ. ಬ್ಯಾಟರಿಯಿಂದ ನಡೆಯುವ ಗಾಳಿಯ ಗುಳ್ಳೆಗಳು ಅಷ್ಟು ಹೊತ್ತು ಮೀನಿನ ಉಸಿರನ್ನು ಕಾಯ್ದವು. ಕಟ್ಟೆಯಲ್ಲಿ ಮುಚ್ಚಳ ತೆರೆದಾಗ ನೀರು ಮುಖಕ್ಕೆ ಎರಚಿತು.

ಸಾಲ ಒಂದೇ ದಿನಕ್ಕೆ ತೀರುವಂಥದಲ್ಲ. ಆದರೆ ಆ ಮನೆಯಲ್ಲಿ ಅಂದಿನಿಂದ ಹೊಸದೊಂದು ವಾಡಿಕೆ ಬೆಳೆಯಿತು. ರಾತ್ರಿ ಊಟವಾದ ಮೇಲೆ ಮುದುಕ ಟಾರ್ಚು ಹಿಡಿದು ಕಟ್ಟೆಗೆ ಇಳಿಯುತ್ತಾನೆ. ಕವಾಟ ಮುಚ್ಚಿದೆಯೇ ಎಂದು ಕೈಯಿಟ್ಟು ನೋಡುತ್ತಾನೆ. ಮಗ ಆಗಲೇ ಮುಚ್ಚಿಯೇ ಇರುತ್ತಾನೆ. ಅದು ಅವನಿಗೂ ಗೊತ್ತು. ಆದರೂ ಒಮ್ಮೆ ಮುಟ್ಟಿ ನೋಡದೆ ಅವನಿಗೆ ನಿದ್ದೆ ಬಾರದು. ಮಗನೂ ಬೇಡವೆನ್ನುವುದಿಲ್ಲ.