ಉಪಚಾರ

ನಮ್ಮ ಮೈಸೂರು ಕಡೆಯ ಮನೆಗಳಲ್ಲಿ ‘ಉಪಚಾರ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಊಟಕ್ಕೆ ಕುಳಿತವನಿಗೆ ‘ಇನ್ನೊಂದು ಸೌಟು, ಇನ್ನೊಂದೇ ಒಂದು’ ಎಂದು ಬಲವಂತ ಮಾಡಿ ಬಡಿಸುವುದು ಒಂದು. ಕಾಯಿಲೆ ಬಿದ್ದವರ ಮಗ್ಗುಲಲ್ಲಿ ಕುಳಿತು ಆರೈಕೆ ಮಾಡುವುದು ಇನ್ನೊಂದು. ಅರವತ್ತೇಳು ವರ್ಷ ಬದುಕಿದರೂ ನಾನು ಇವೆರಡೂ ಒಂದೇ ಎಂದು ತಿಳಿದುಕೊಂಡಿದ್ದೆ. ಒಂದೊಂದು ಸಲ ಒಂದು ಇನ್ನೊಂದಕ್ಕೆ ಶತ್ರುವಾಗಬಲ್ಲದು ಎಂಬುದು ಗೊತ್ತಾದದ್ದು 2023ರ ಸಂಕ್ರಾಂತಿಯ ದಿನ, ನಮ್ಮ ಅತ್ತಿಗೆಯ ಹಾಸಿಗೆಯ ಪಕ್ಕದಲ್ಲಿ.

ಅತ್ತಿಗೆ ನಮ್ಮ ಮನೆಯ ಹೊಸಿಲು ತುಳಿದಾಗ ನನಗೆ ಎಂಟು ವರ್ಷ, ಅವರಿಗೆ ಹದಿನೆಂಟು. ಅಂದಿನಿಂದ ಅವರ ಕೈಯ ಸೌಟು ಕೆಳಗಿಳಿದದ್ದನ್ನು ನಾನು ಕಂಡಿರಲಿಲ್ಲ. ಪಂಕ್ತಿಯಲ್ಲಿ ಸಾಕೆನ್ನುವವರು ಎಲೆಗೆ ಅಂಗೈ ಅಡ್ಡ ಹಿಡಿಯುವುದು ವಾಡಿಕೆಯಷ್ಟೆ. ಅತ್ತಿಗೆಯ ಮುಂದೆ ಆ ಕೋಟೆ ಎಂದೂ ನಿಂತದ್ದಿಲ್ಲ. ಬೆರಳ ಸಂದಿಯಲ್ಲಿಯೇ ತುಪ್ಪ ಇಳಿಸಿಬಿಡುತ್ತಿದ್ದರು. ‘ಬೆಳೆಯೋ ಹುಡುಗ, ತಿನ್ನೋ’ ಎನ್ನುತ್ತಿದ್ದರು. ನನಗೆ ಐವತ್ತು ತುಂಬಿ, ಅನ್ನ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ ಮೇಲೂ ಅವರ ಪಾಲಿಗೆ ನಾನು ಬೆಳೆಯುವ ಹುಡುಗನೇ.

ಅಂಥವರಿಗೆ 2022ರ ಡಿಸೆಂಬರಿನಲ್ಲಿ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು, ಮಾತು ನಿಂತಿತು. ಇವೆಲ್ಲ ಕಣ್ಣಿಗೆ ಕಾಣುವ ನಷ್ಟಗಳು. ಕಾಣದ ನಷ್ಟ ಇನ್ನೊಂದಿತ್ತು: ಅವರ ಗಂಟಲು ನುಂಗುವುದನ್ನು ಮರೆತಿತ್ತು. ನಾವು ಒಂದೊಂದು ತುತ್ತು ನುಂಗುವಾಗಲೂ ಗಂಟಲೊಳಗಿನ ಒಂದು ಮುಚ್ಚಳ ಶ್ವಾಸನಾಳದ ಬಾಯಿ ಮುಚ್ಚಿ, ಅನ್ನವನ್ನು ಅನ್ನದ ದಾರಿಗೆ ಕಳಿಸುತ್ತದೆ. ಈ ಕಾವಲುಗಾರ ನಮ್ಮಿಂದ ಸಂಬಳ ಕೇಳುವುದಿಲ್ಲವಾದ್ದರಿಂದ ಅವನಿದ್ದಾನೆಂಬುದೇ ನಮಗೆ ಗೊತ್ತಿಲ್ಲ. ಅವನು ಕೆಲಸ ಬಿಟ್ಟರೆ ಎರಡು ಚಮಚ ನೀರು ಕೂಡ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ತರಬಲ್ಲದು. ಆದ್ದರಿಂದ ಆಸ್ಪತ್ರೆಯಲ್ಲಿ ಮೂಗಿನಿಂದ ಹೊಟ್ಟೆಯವರೆಗೆ ಒಂದು ನಳಿಕೆ ಇಳಿಸಿದರು.

ಅದಕ್ಕೆ ರೈಲ್ಸ್ ಟ್ಯೂಬ್ ಎಂದು ಹೆಸರು. ನೋಡಲು ಬಂದ ನೆಂಟರೊಬ್ಬರು ಅದನ್ನು ‘ರೈಲು ಪೈಪು’ ಎಂದು ಕರೆದರು. ನಾನೂ ಕೆಲವು ದಿನ ಅದಕ್ಕೂ ರೈಲಿಗೂ ಏನೋ ಸಂಬಂಧವಿರಬೇಕೆಂದೇ ನಂಬಿದ್ದೆ. ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ರೈಲ್ ಎಂಬ ವೈದ್ಯರು 1921ರಲ್ಲಿ ಬಳಕೆಗೆ ತಂದ ನಳಿಕೆ ಅದು ಎಂದು ಆಮೇಲೆ ತಿಳಿಯಿತು. ಅವರು ಅದನ್ನು ಮಾಡಿದ್ದು ಉಣಿಸುವುದಕ್ಕಲ್ಲ, ಹೊಟ್ಟೆಯ ರಸವನ್ನು ಹೊರಗೆಳೆದು ಪರೀಕ್ಷಿಸುವುದಕ್ಕೆ. ತೆಗೆಯಲು ಮಾಡಿದ ದಾರಿ ಈಗ ಹಾಕುವ ದಾರಿಯಾಗಿದೆ. ಅತ್ತಿಗೆಯದು 14ನೆಯ ನಂಬರಿನದು. ಅಂದರೆ ಅರ್ಧ ಸೆಂಟಿಮೀಟರಿಗೂ ಕಡಿಮೆ ದಪ್ಪ. ಸೌಟಿನ ಸಾಮ್ರಾಜ್ಞಿಯ ಊಟವೆಲ್ಲ ಆ ಸಂದಿಯಲ್ಲಿ ಹೋಗಬೇಕಾಗಿ ಬಂತು.

ಅಣ್ಣ ತೀರಿಹೋಗಿ ಬಹಳ ವರ್ಷಗಳಾದವು. ಮಗನಿಗೆ ಪುಣೆಯಲ್ಲಿ ಕೆಲಸ. ನನ್ನ ಹೆಂಡತಿಗೆ ಮಂಡಿನೋವು, ನನಗೆ ಧೈರ್ಯ ಕಡಿಮೆ. ಹೀಗಾಗಿ ಊರ ಹೊರಗಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಅವರನ್ನು ಇರಿಸಿದೆವು. ‘ಮನೆಯವರನ್ನು ಆಶ್ರಮಕ್ಕೆ ಹಾಕಿದರು’ ಎಂದು ಜನ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಆ ಮಾತಿನ ಚುಚ್ಚು ಕಳೆಯಲೋ ಏನೋ, ನಾನು ಪ್ರತಿದಿನ ಮಧ್ಯಾಹ್ನ ಬಸ್ಸು ಹತ್ತಿ ಅಲ್ಲಿಗೆ ಹೋಗತೊಡಗಿದೆ.

ಅಲ್ಲಿ ಅತ್ತಿಗೆಯನ್ನು ನೋಡಿಕೊಳ್ಳುತ್ತಿದ್ದವಳು ಚಾಮರಾಜನಗರದ ಕಡೆಯ ಒಬ್ಬ ಹುಡುಗಿ, ಇಪ್ಪತ್ತೆರಡು ವರ್ಷದವಳು. ಅವಳು ಉಣಿಸುವ ಕ್ರಮವೇ ಒಂದು ಪೂಜೆಯಂತಿತ್ತು. ಮೊದಲು ಕೈ ತೊಳೆಯುವಳು. ಮಂಚದ ತಲೆಭಾಗವನ್ನು ಮೇಲೆತ್ತಿ ಅತ್ತಿಗೆಯನ್ನು ಒರಗಿ ಕೂರಿಸುವಳು; 30 ಡಿಗ್ರಿಗೆ ಕಡಿಮೆಯಾಗಬಾರದು, 45 ಇದ್ದರೆ ಒಳ್ಳೆಯದು ಎಂಬ ಲೆಕ್ಕ. ಮೂಗಿನ ಬಳಿ ನಳಿಕೆಗೆ ಹಾಕಿದ್ದ ಶಾಯಿಯ ಗುರುತು ಸರಿದಿದೆಯೇ ಎಂದು ನೋಡುವಳು. ಬಾಯಿ ತೆರೆಸಿ ಗಂಟಲಲ್ಲಿ ಸುರುಳಿ ಸುತ್ತಿದೆಯೇ ಎಂದು ಇಣುಕುವಳು. ಸಿರಿಂಜಿನಿಂದ ಸ್ವಲ್ಪ ರಸ ಎಳೆದು, ಬಣ್ಣ ಬದಲಾಗುವ ಕಾಗದದ ಪಟ್ಟಿಗೆ ಮುಟ್ಟಿಸುವಳು. ಹೊಟ್ಟೆಯ ರಸ ಹುಳಿ, ಪಟ್ಟಿ 5.5 ಅಥವಾ ಅದಕ್ಕೆ ಕಡಿಮೆ ತೋರಿಸಿದರೆ ನಳಿಕೆ ಹೊಟ್ಟೆಯಲ್ಲಿದೆ ಎಂದು ನಂಬಬಹುದು. ಅನುಮಾನ ಬಂದರೆ ಏನನ್ನೂ ಹಾಕದೆ ಸಿಸ್ಟರನ್ನು ಕರೆಯುವಳು. ಸಿಸ್ಟರಿಗೂ ಅನುಮಾನವಾದರೆ ಎಕ್ಸ್‌ರೇ.

‘ಸಿರಿಂಜಿನಲ್ಲಿ ಗಾಳಿ ಊದಿ, ಹೊಟ್ಟೆಯ ಮೇಲೆ ಕೊಳವೆಯಿಟ್ಟು ಗುಳಗುಳ ಸದ್ದು ಕೇಳಿದರೆ ಸಾಲದೆ? ಆಸ್ಪತ್ರೆಯಲ್ಲಿ ಹಾಗೇ ಮಾಡುತ್ತಿದ್ದರಲ್ಲ’ ಎಂದು ನಾನು ನನ್ನ ಪಾಂಡಿತ್ಯ ತೋರಿಸಿದೆ. ಸಿಸ್ಟರು ನಕ್ಕರು. ನಳಿಕೆ ಶ್ವಾಸಕೋಶಕ್ಕೆ ಹೋಗಿದ್ದರೂ ಅಂಥದೇ ಸದ್ದು ಕೇಳಿಸಬಹುದಂತೆ. ಆ ಪರೀಕ್ಷೆಯನ್ನು ನೆಚ್ಚಬೇಡಿ ಎಂದು ಇಂಗ್ಲೆಂಡಿನಲ್ಲಿ 2005ರಲ್ಲಿಯೇ ಎಚ್ಚರಿಕೆ ಹೊರಡಿಸಿದ್ದಾರೆ. ಕಿವಿ ನಂಬಿದ್ದನ್ನು ಕಾಗದದ ಪಟ್ಟಿ ಒಪ್ಪಬೇಕು.

ಇಷ್ಟಾದ ಮೇಲೆ 30 ಮಿಲಿ ನೀರು. ಆಮೇಲೆ ಸಿರಿಂಜಿನ ದಬ್ಬುವ ಕಡ್ಡಿಯನ್ನು ತೆಗೆದು, ಖಾಲಿ ಕೊಳವೆಯನ್ನು ನಳಿಕೆಗೆ ಸಿಕ್ಕಿಸಿ, ಸೋಸಿದ ಗಂಜಿಯನ್ನು ಅದಕ್ಕೆ ಸುರಿದು, ಎತ್ತರದಲ್ಲಿ ಹಿಡಿದು ನಿಲ್ಲುವಳು. ಗಂಜಿ ತನ್ನ ಭಾರಕ್ಕೆ ತಾನೇ ಇಳಿಯಬೇಕು. 200 ಮಿಲಿಗೆ ಇಪ್ಪತ್ತು ನಿಮಿಷ. ಕೊನೆಗೆ ಮತ್ತೆ 30 ಮಿಲಿ ನೀರು, ನಳಿಕೆಯಲ್ಲಿ ಗಂಜಿ ಅಂಟಿ ಕಟ್ಟಿಕೊಳ್ಳದಿರಲೆಂದು. ಮೊದಲೊಂದು ಆಪೋಶನ, ಕೊನೆಗೊಂದು ಉತ್ತರಾಪೋಶನ. ನಾನು ಹೀಗೆಂದಾಗ ಆ ಹುಡುಗಿಗೆ ಅರ್ಥವಾಗಲಿಲ್ಲ. ಅತ್ತಿಗೆಯ ತುಟಿ ಮಾತ್ರ ಎಡಗಡೆ ಸ್ವಲ್ಪ ಸರಿಯಿತು. ನಗು ಎಂದು ನಾನು ತಿಳಿದುಕೊಂಡೆ.

ಎರಡು ವಾರ ನೋಡಿ ನೋಡಿ ನಾನೂ ಕಲಿತೆ ಎಂದುಕೊಂಡೆ. ಅರ್ಧ ಕಲಿತವನ ಹೆಮ್ಮೆಗಿಂತ ಅಪಾಯಕರವಾದದ್ದು ಇನ್ನೊಂದಿಲ್ಲ. 2023ರ ಜನವರಿ 15, ಭಾನುವಾರ, ಸಂಕ್ರಾಂತಿ. ಹಬ್ಬವಾದ್ದರಿಂದ ಕೇಂದ್ರದಲ್ಲಿ ಕೆಲಸದವರು ಕಡಿಮೆ. ಗಂಜಿ ಮುಕ್ಕಾಲು ಇಳಿದಿದ್ದಾಗ ಪಕ್ಕದ ಕೋಣೆಯಿಂದ ಯಾರೋ ಕೂಗಿದರು. ‘ಸಾರ್, ಒಂದು ನಿಮಿಷ ಹಿಡ್ಕೊಂಡಿರಿ, ಆ ಅಜ್ಜೀನ ನೋಡ್ಕೊಂಡು ಬಂದ್ಬಿಡ್ತೀನಿ’ ಎಂದು ಹುಡುಗಿ ಹೋದಳು.

ನನ್ನ ಚೀಲದಲ್ಲಿ ಒಂದು ಫ್ಲಾಸ್ಕು ಇತ್ತು. ಮನೆಯಲ್ಲಿ ಮಾಡಿದ ಸಿಹಿ ಹುಗ್ಗಿಯನ್ನು ಹಾಲಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಯಾರಿಗೂ ಹೇಳದೆ ತಂದಿದ್ದೆ. ಹಬ್ಬದ ದಿನ ಅತ್ತಿಗೆಗೆ ಬರಿಯ ರಾಗಿಗಂಜಿಯೇ? ನಾಲಗೆಗೆ ತಾಕದ ಹುಗ್ಗಿಗೆ ರುಚಿ ಎಲ್ಲಿಂದ ಬರಬೇಕು ಎಂದು ನಾನು ಯೋಚಿಸಲಿಲ್ಲ. ಗಂಜಿ ಮುಗಿದ ಮೇಲೆ ಹುಗ್ಗಿಯ ನೀರನ್ನು ಸುರಿದೆ. ಅದು ಗಟ್ಟಿಯಿತ್ತು, ಇಳಿಯಲಿಲ್ಲ. ಹುಡುಗಿ ಬರುವುದರೊಳಗೆ ಮುಗಿಸಬೇಕೆಂದು ಕಡ್ಡಿ ಹಾಕಿ ದಬ್ಬಿದೆ. ಇಳಿಯಿತು. ಇನ್ನೊಂದು ಸಲ ತುಂಬಿದೆ. ‘ಇನ್ನೊಂದೇ ಒಂದು, ಅತ್ತಿಗೆ’ ಎಂದೆ. ಅವರೇ ಕಲಿಸಿದ ಮಾತು. ಅವರ ಎಡಗೈ ಮೆಲ್ಲನೆ ಎದ್ದು, ಬೆರಳು ಅಗಲಿಸಿ, ಎದೆಯ ಮುಂದೆ ಅಡ್ಡಲಾಗಿ ನಿಂತಿತು. ನನ್ನನ್ನು ಹರಸುತ್ತಿದ್ದಾರೆ ಎಂದುಕೊಂಡು ಆ ಕೈಯನ್ನು ಕಣ್ಣಿಗೊತ್ತಿಕೊಂಡೆ. ಕತ್ತು ವಾಲಿತು; ದಣಿದಿದ್ದಾರೆಂದು ಮಂಚದ ತಲೆಭಾಗವನ್ನು ಕೆಳಗಿಳಿಸಿದೆ.

ಆಮೇಲಿನದು ಎರಡು ಮೂರು ನಿಮಿಷಗಳ ಮಾತು. ಕೆಮ್ಮು ಬಂತು, ಬಾಯಲ್ಲಿ ಹಾಲು ಬಂತು, ತುಟಿ ನೀಲಿಯಾಯಿತು. ಹುಡುಗಿ ಓಡಿಬಂದು ಮಂಚ ಎತ್ತಿದಳು, ತಲೆಯನ್ನು ಪಕ್ಕಕ್ಕೆ ತಿರುಗಿಸಿದಳು, ‘ಸಿಸ್ಟರ್’ ಎಂದು ಕೂಗಿದಳು. ಸಕ್ಷನ್ ಯಂತ್ರದ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಉಸಿರು ತಿರುಗಿತು. ಆದರೆ ರಾತ್ರಿ ಜ್ವರ ಬಂತು. ಆಸ್ಪತ್ರೆಗೆ ಸಾಗಿಸಿದರು, ಒಂಬತ್ತು ದಿನ ಆಂಟಿಬಯಾಟಿಕ್ಕು, ಆಮ್ಲಜನಕ. ಬದುಕಿ ಬಂದರು. ಅದು ಅವರ ಗಟ್ಟಿತನ, ನನ್ನ ಪುಣ್ಯವಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದ ಮೊದಲ ರಾತ್ರಿ ನನಗೆ ಆ ಕೈ ನೆನಪಾಯಿತು. ಬೆರಳು ಅಗಲಿಸಿ, ಅಂಗೈ ಕೆಳಗೆ ಮಾಡಿ, ಅಡ್ಡ ಹಿಡಿದ ಕೈ. ಅದು ಹರಕೆಯಲ್ಲ. ಎಲೆಗೆ ಅಡ್ಡ ಹಿಡಿಯುವ ಕೈ. ‘ಸಾಕು’ ಎಂದು ಹೇಳಲು ಅವರಿಗೆ ಉಳಿದಿದ್ದ ಒಂದೇ ಮಾತು ಅದು. ನಾನು ಬೆರಳ ಸಂದಿಯಲ್ಲಿ ತುಪ್ಪ ಬಡಿಸಿದ್ದೆ.

ಹುಡುಗಿಯನ್ನು ಯಾರಾದರೂ ಬೈದಾರೆಂದು ನಾನೇ ಮೊದಲು ಹೋಗಿ ಸಿಸ್ಟರಿಗೆ ಫ್ಲಾಸ್ಕಿನ ಕಥೆ ಹೇಳಿದೆ. ಅವರು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ‘ಸಾರ್, ಬಾಯಲ್ಲಿ ತಿನ್ನೋರು ಬೇಡ ಅಂದ್ರೆ ಬಾಯಿ ಮುಚ್ಕೋತಾರೆ. ಟ್ಯೂಬಿನಲ್ಲಿ ಊಟ ಮಾಡೋರಿಗೆ ಮುಚ್ಕೊಳ್ಳೋಕೆ ಬಾಯಿಲ್ಲ. ಅವರ ಪರವಾಗಿ ನಾವೇ ಸಾಕು ಅನ್ನಬೇಕು’ ಎಂದರು. ಎರಡು ವಾರ ನಾನು ನೋಡುತ್ತಿದ್ದ ನಿಯಮಗಳ ಹಿಂದಿನ ಅರ್ಥ ಆ ಒಂದು ಮಾತಿನಲ್ಲಿ ತೆರೆಯಿತು. ದಬ್ಬಬಾರದೇಕೆ? ಹೊಟ್ಟೆ ತುಂಬಿದರೆ ಗಂಜಿ ತಾನೇ ನಿಧಾನವಾಗಿ ಅದನ್ನು ತಿಳಿಸುತ್ತದೆ. ಕಡ್ಡಿ ಹಾಕಿ ದಬ್ಬಿದರೆ ಆ ಮಾತನ್ನು ಅಡಗಿಸಿದಂತೆ. ಕೂರಿಸಬೇಕೇಕೆ? ಮಲಗಿದವರ ಹೊಟ್ಟೆಯಿಂದ ಗಂಟಲಿಗೆ ದಾರಿ ಸಮತಟ್ಟು. ಕೆಮ್ಮು, ವಾಂತಿ, ಉಸಿರುಗಟ್ಟುವಿಕೆ, ಹೊಟ್ಟೆ ಉಬ್ಬರ, ಇವುಗಳಲ್ಲಿ ಯಾವುದು ಕಂಡರೂ ಗಂಜಿ ನಿಲ್ಲಿಸಬೇಕು. ಅದೂ ಒಂದು ‘ಸಾಕು’.

ಮೂಗಿನ ನಳಿಕೆ ಕೆಲವು ವಾರಗಳ ಏರ್ಪಾಡು. ನುಂಗುವ ಶಕ್ತಿ ಮರಳದೆ ಹೋದದ್ದರಿಂದ, ವೈದ್ಯರು ನಮ್ಮೆಲ್ಲರೊಡನೆ ಮಾತಾಡಿ, ಅತ್ತಿಗೆಯ ಎಡಗೈಯ ಒಪ್ಪಿಗೆಯನ್ನೂ ಪಡೆದು, ಮಾರ್ಚಿನಲ್ಲಿ ಹೊಟ್ಟೆಯ ಗೋಡೆಯ ಮೂಲಕವೇ ಒಂದು ನಳಿಕೆ ಇಟ್ಟರು. ದೊಡ್ಡ ಶಸ್ತ್ರಚಿಕಿತ್ಸೆ ಇಲ್ಲದೆ, ಒಳಗೆ ದೀಪದ ನಳಿಕೆ ಇಳಿಸಿ ಇದನ್ನು ಮಾಡುವ ಕ್ರಮ 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಒಂದು ಕೂಸಿನಿಂದ ಮೊದಲಾಯಿತಂತೆ. ಮುಖಕ್ಕೆ ಅಂಟಿಸಿದ್ದ ಪಟ್ಟಿ ಹೋಗಿ ಅತ್ತಿಗೆ ಮತ್ತೆ ಅತ್ತಿಗೆಯಂತೆ ಕಂಡರು. ಇನ್ನು ಭಯವಿಲ್ಲ ಎಂದು ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಸಿಸ್ಟರು ತಡೆದರು. ದಾರಿ ಬದಲಾಗಿದೆ, ಹೊಟ್ಟೆ ಅದೇ. ಅದರಲ್ಲಿರುವುದು ಮೇಲೆ ಬರುವುದಕ್ಕೆ ಈಗಲೂ ಅಡ್ಡಿಯಿಲ್ಲ. ಎತ್ತರ, ನಿಧಾನ, ನೀರು, ಎಲ್ಲ ಹಾಗೆಯೇ. ಜೊತೆಗೆ ನಳಿಕೆ ಹೊಕ್ಕ ಜಾಗ ಕೆಂಪಾಗಿದೆಯೇ, ಒಸರುತ್ತಿದೆಯೇ ಎಂದು ದಿನವೂ ನೋಡಬೇಕು. ಮಾತ್ರೆಗಳನ್ನು ಗಂಜಿಗೆ ಬೆರೆಸದೆ, ಒಂದೊಂದನ್ನೂ ಬೇರೆಯಾಗಿ ಅರೆದು ನೀರಿನಲ್ಲಿ ಕೊಡಬೇಕು. ನಿಧಾನವಾಗಿ ಕರಗಲೆಂದು ಮಾಡಿದ ಮಾತ್ರೆಗಳನ್ನಂತೂ ಅರೆಯಲೇಬಾರದು. ದಿನವೆಲ್ಲ ಇಳಿಯಬೇಕಾದ ಮದ್ದು ಒಂದೇ ಗಳಿಗೆಗೆ ಇಳಿದುಬಿಡುತ್ತದೆ. ಏನೂ ತಿನ್ನದ ಬಾಯನ್ನು ದಿನಕ್ಕೆರಡು ಸಲ ತೊಳೆಯಬೇಕು. ಆ ಬಾಯ ಉಗುಳು ಶ್ವಾಸಕೋಶಕ್ಕೆ ಜಾರಿದರೂ ಕೇಡೇ.

ನಾನು ಈಗಲೂ ಮಧ್ಯಾಹ್ನದ ಬಸ್ಸಿಗೆ ಹೋಗುತ್ತೇನೆ. ಸಿರಿಂಜು ಮುಟ್ಟುವುದಿಲ್ಲ, ನನಗೆ ಬೇರೊಂದು ಕೆಲಸ ಕೊಟ್ಟಿದ್ದಾರೆ. ಗಂಜಿಯಾದ ಮೇಲೆ ಒಂದು ಗಂಟೆ ಅತ್ತಿಗೆಯನ್ನು ಮಲಗಿಸುವಂತಿಲ್ಲ. ಆ ಒಂದು ಗಂಟೆ ಅವರು ಜಾರದಂತೆ, ವಾಲದಂತೆ ನೋಡುತ್ತ ಕುಳಿತಿರುವುದು ನನ್ನ ಪಾಲಿನ ಕೆಲಸ. ಹತ್ತು ಅಜ್ಜಿಯರನ್ನು ನೋಡಿಕೊಳ್ಳುವ ಹುಡುಗಿಗೆ ಆ ಒಂದು ಗಂಟೆ ಸಿಕ್ಕುವುದು ಕಷ್ಟ. ಕೆಲಸವಿಲ್ಲದ ನನ್ನಂಥ ಪಿಂಚಣಿದಾರನಿಗೆ ಧಾರಾಳವಾಗಿದೆ. ಪತ್ರಿಕೆ ಓದಿ ಹೇಳುತ್ತೇನೆ. ಅಡಿಗೆಯ ಅಂಕಣ ಬಂದರೆ ಅವರು ಕಣ್ಣು ಮುಚ್ಚುತ್ತಾರೆ. ಒಪ್ಪಿಗೆಯಿಲ್ಲವೆಂದು ನನ್ನ ಊಹೆ. ಏನನ್ನೂ ಬಡಿಸದೆ ಒಬ್ಬರ ಪಕ್ಕದಲ್ಲಿ ಒಂದು ಗಂಟೆ ಕುಳಿತಿರುವುದು ಉಪಚಾರವೆಂದು ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ.

2025ರ ಸಂಕ್ರಾಂತಿಗೆ ಎಳ್ಳುಬೆಲ್ಲದ ಪೊಟ್ಟಣ ತೆಗೆದುಕೊಂಡು ಹೋದೆ. ಈ ಸಲ ಸಿಸ್ಟರನ್ನು ಕೇಳಿಯೇ ಒಳಗೆ ತಂದೆ. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡು ಎನ್ನುತ್ತಾರೆ. ತಿನ್ನಲೂ ಆಗದ, ಆಡಲೂ ಆಗದ ಅವರ ಎಡ ಅಂಗೈಯಲ್ಲಿ ಪೊಟ್ಟಣ ಇಟ್ಟು ಸುಮ್ಮನೆ ಕುಳಿತೆ. ಅತ್ತಿಗೆ ಬಹಳ ಹೊತ್ತು ಅದನ್ನು ನೋಡಿದರು. ಆಮೇಲೆ ಕೈಯನ್ನು ನಿಧಾನವಾಗಿ ಆ ಹುಡುಗಿಯ ಕಡೆಗೆ ಚಾಚಿದರು. ಎಡಗೈಯಲ್ಲಿ ಕೊಡುತ್ತಿದ್ದೇನಲ್ಲ ಎಂಬ ಸಂಕೋಚ ಅವರ ಕಣ್ಣಿನಲ್ಲಿ ಕಂಡಿತು. ಹುಡುಗಿ ಎರಡು ಕೈ ಚಾಚಿ ತೆಗೆದುಕೊಂಡಳು, ಅಲ್ಲಿಯೇ ಬಿಚ್ಚಿ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ‘ಸಾಕಾ ಅಜ್ಜಿ?’ ಎಂದಳು. ಅತ್ತಿಗೆ ಬೆರಳು ಆಡಿಸಿದರು. ಇನ್ನೊಂದು ಹಿಡಿ ತಿನ್ನು ಎಂದು.