ಚೀಟಿಯಲ್ಲಿನ ಹೆಸರು

ಮನಸ್ಸಿನಲ್ಲಿ ಅಂದುಕೊಂಡ ಹೆಸರನ್ನು ವೇದಿಕೆಯ ಮೇಲಿದ್ದವರು ಥಟ್ಟನೆ ಹೇಳಿಬಿಟ್ಟರೆ ಯಾರಿಗೆ ಬೆರಗಾಗುವುದಿಲ್ಲ? ಇಂಥ ಕಲಾವಿದರನ್ನು ಮೆಂಟಲಿಸ್ಟ್ ಎನ್ನುತ್ತಾರೆ. ನನಗೆ ಈ ಹುಚ್ಚು ಹತ್ತಿಸಿದವರು ಸುಹಾನಿ ಶಾ. ಉದಯಪುರದಲ್ಲಿ 1990ರಲ್ಲಿ ಹುಟ್ಟಿದ ಅವರು 1997ರಲ್ಲೇ ಅಹಮದಾಬಾದಿನಲ್ಲಿ ಮೊದಲ ಜಾದೂ ಪ್ರದರ್ಶನ ಕೊಟ್ಟರು. ಪ್ರದರ್ಶನಗಳಿಗಾಗಿ ಚಿಕ್ಕಂದಿನಲ್ಲೇ ಶಾಲೆ ಬಿಟ್ಟರು. ಮುಂದೆ ಮನಸ್ಸು ಓದುವ ಆಟಕ್ಕೆ ಹೆಸರಾದರು. 2023ರ ಜನವರಿಯಲ್ಲಿ ಟಿವಿ ವಾಹಿನಿಗಳಲ್ಲಿ ಈ ಆಟ ತೋರಿಸಿ, ಇದು ಪವಾಡವಲ್ಲ, ಕಲಿತ ಕಲೆ ಎಂದು ಬಾಯಿಬಿಟ್ಟು ಹೇಳಿದರು. ಅವರಲ್ಲಿ ನನಗೆ ಹಿಡಿಸಿದ್ದು ಈ ಮಾತೇ.

ನಾನು ಕಲಿತದ್ದು ಒಂದು ಹಳೆಯ ಆಟ. ಐದು ಜನ ಒಂದೊಂದು ಹೆಸರು ಬರೆದು ಚೀಟಿ ಮಡಚಿ ಕೊಡುತ್ತಾರೆ. ಆಟಗಾರ ಒಂದನ್ನು ಮಾತ್ರ ಗುಟ್ಟಾಗಿ ಓದಿಕೊಂಡು ಕೊನೆಗೆ ಇಡುತ್ತಾನೆ. ಬೇರೊಂದು ಚೀಟಿಯನ್ನು ಹಣೆಗೆ ಒತ್ತಿಕೊಂಡು, ತಾನು ಮೊದಲೇ ಓದಿದ ಹೆಸರು ಹೇಳುತ್ತಾನೆ. ಬರೆದವರು ಹೌದೆನ್ನುತ್ತಾರೆ. ಸರಿಯೇ ನೋಡೋಣ ಎಂಬಂತೆ ಕೈಯಲ್ಲಿದ್ದ ಚೀಟಿ ಬಿಚ್ಚುತ್ತಾನೆ. ಅದರಲ್ಲಿರುವುದು ಇನ್ನೊಬ್ಬರ ಹೆಸರು! ಮುಂದಿನ ಚೀಟಿ ಹಿಡಿದಾಗ ಅದನ್ನು ಹೇಳುತ್ತಾನೆ. ಹೀಗೆ ಐದೂ ಮುಗಿಯುತ್ತವೆ.

ಕಾರಹುಣ್ಣಿಮೆಗೆ ಬಬಲೇಶ್ವರದ ಗೆಳೆಯನ ಮನೆಗೆ ಹೋದಾಗ ಈ ಆಟ ತೋರಿಸಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಗೆಳೆಯನ ದೊಡ್ಡವ್ವ ಮಾತ್ರ ಹತ್ತಿರ ಬಂದು ಕುಂತರು. "ತಮ್ಮಾ, ನನ್ನ ಮಗ ಪುಣೆಕ್ಕ ದುಡಿಯಾಕ ಹೋಗಿ ಎಂಟು ತಿಂಗಳಾತು. ಫೋನಿಲ್ಲ. ಎಲ್ಲಿ ಅದಾನ ನೋಡಿ ಹೇಳು."

"ದೊಡ್ಡವ್ವಾ, ನನಗ ಏನೂ ಕಾಣಂಗಿಲ್ರಿ. ಇದು ಬರೇ ಆಟ ಐತ್ರಿ" ಎಂದು ಚೀಟಿ ಹರಡಿ ಗುಟ್ಟನ್ನೆಲ್ಲ ತೋರಿಸಿದೆ. ಅವರು ಸುಮ್ಮನೆ ನೋಡಿದರು. "ತಿಕೋಟಾದಾಗ ಒಬ್ಬಾವ ನಾಕೈದು ಮಂದೀನ ಕುಂಡ್ರಿಸಿ ಹಿಂಗ ಚೀಟಿ ಬರಸಿಕೊಂಡ. ನನ್ನ ಮಗನ ಹೆಸರ ಹೇಳಿದ. ಹೆಸರ ಗೊತ್ತಿದ್ದಾವಗ ಊರೂ ಗೊತ್ತಿರಬೇಕಂತ ಎರಡು ಸಾವಿರ ಕೊಟ್ಟೆ" ಎಂದರು. ಮನೆಯವರ ನಗು ನಿಂತಿತು. ಇನ್ನೊಮ್ಮೆ ತೋರಿಸು ಎಂದರು. ಮೂರನೇ ಸಲ ತಾವೇ ಮಕ್ಕಳಿಂದ ಚೀಟಿ ಬರೆಸಿ, ಐದರಲ್ಲಿ ನಾಲ್ಕು ಹೆಸರು ಸರಿಯಾಗಿ ಹೇಳಿದರು.

ಮರುದಿನ ಗೆಳೆಯನ ಅಪ್ಪ ಅವರನ್ನು ಠಾಣೆಗೆ ಕರೆದೊಯ್ದು ಮಗ ಕಾಣೆಯಾದ ದೂರು ಬರೆಸಿದರು. ಮಗನ ಸುದ್ದಿ ಇನ್ನೂ ಬಂದಿಲ್ಲ.

ಗೈಬಿನ ಅರಿವು ಅಲ್ಲಾಹನಿಗೆ ಮಾತ್ರ ಎಂದು ನಾವು ಮನೆಯಲ್ಲಿ ಕೇಳುತ್ತಲೇ ಬೆಳೆದವರು. ಪ್ರಶ್ನಿಸದೆ ಒಪ್ಪಬೇಡಿ ಎನ್ನುತ್ತಿದ್ದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ರಚಿಸಿದ್ದರು. ಹುಲಿಕಲ್ ನಟರಾಜ್ ಇಂದಿಗೂ ಊರೂರಲ್ಲಿ ಪವಾಡಗಳ ಗುಟ್ಟು ಬಯಲು ಮಾಡುತ್ತಿದ್ದಾರೆ. ನಾನು ಆಟ ಬಿಟ್ಟಿಲ್ಲ. ಈಗ ಚೀಟಿ ಹಂಚುವ ಮೊದಲೇ "ಇದು ಆಟ" ಎಂದು ಹೇಳುತ್ತೇನೆ. ಹಾಗೆ ಹೇಳಿದರೂ ಚಪ್ಪಾಳೆ ಕಡಿಮೆಯಾಗಿಲ್ಲ.